ಗ್ವಾದಲಿಯ ಪಾಲು, ಕಾಡಿನ ಪಾಲು



ಸವದತ್ತಿ ತಾಲ್ಲೂಕಿನ ಸಿರಸಂಗಿ ಎಂದೊಡನೆ ಬೆಳಗಾವಿ ಜಿಲ್ಲೆಯ ಜನರಿಗೆ ಮೊದಲು ನೆನಪಾಗುವುದು ಕಾಳಮ್ಮನ ಗುಡಿ, ಆಮೇಲೆ ದೇಸಾಯರ ವಾಡೆ. ಆ ವಾಡೆಯ ದೊಡ್ಡ ಹೆಸರು ಲಿಂಗರಾಜ ದೇಸಾಯಿ. 1861ರಲ್ಲಿ ಹುಟ್ಟಿ, ಸಿರಸಂಗಿಯ ಮನೆತನಕ್ಕೆ ದತ್ತಕವಾಗಿ ಬಂದು, 1906ರಲ್ಲಿ ತೀರಿಕೊಂಡ ಈ ದೇಸಾಯರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದುಕೊಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಜನ ಅವರನ್ನು ತ್ಯಾಗವೀರ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಕೊಡುವ ಗುಣದ ಮಾತೆತ್ತಿದರೆ ಈ ಹೆಸರನ್ನು ದಾಟಿ ಮುಂದೆ ಹೋಗುವಂತಿಲ್ಲ.

ಕ್ರಿಸ್ತಜಯಂತಿ ಹತ್ತಿರ ಬಂದಾಗ ನಾವೂ ಕೊಡುವ ಮಾತನ್ನೇ ಆಡುತ್ತೇವೆ. ನೆರೆಮನೆಗೆ ತಿಂಡಿಯ ತಟ್ಟೆ ಹೋಗುತ್ತದೆ, ಮಕ್ಕಳಿಗೆ ಹೊಸ ಬಟ್ಟೆ ಬರುತ್ತದೆ, ಧರ್ಮಕೇಂದ್ರದಲ್ಲಿ ಬಡವರಿಗಾಗಿ ಕಾಣಿಕೆ ಎತ್ತುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಹಬ್ಬದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ಕೊಟ್ಟವರ ಸಾಲಿನಲ್ಲಿ ಪ್ರಾಣಿಗಳೂ ನಿಂತಿರುವುದು ಕಾಣುತ್ತದೆ, ಅದೂ ನಮಗಿಂತ ಮುಂದೆ. ಈ ಬಾರಿ ಊರ ದನ, ಕಾಡಿನ ಮೃಗ ಇವೆರಡರ ಕಡೆಯಿಂದ ಕ್ರಿಸ್ತಜಯಂತಿಯನ್ನು ನೋಡೋಣ. ಅದಕ್ಕೆ ಸಿರಸಂಗಿಯಿಂದಲೇ ಹೊರಡುವುದಕ್ಕೆ ಕಾರಣವಿದೆ.

ಸಿರಸಂಗಿಯ ಹೆಸರಿಗೆ ಅಲ್ಲಿನ ಜನ ಹೇಳುವ ಒಂದು ಮೂಲವಿದೆ. ಇದು ಋಷ್ಯಶೃಂಗ ಮುನಿ ತಪಸ್ಸು ಮಾಡಿದ ಸ್ಥಳವಂತೆ. ಶೃಂಗೇರಿಯ ಹತ್ತಿರದ ಕಿಗ್ಗದವರೂ ಆ ಮುನಿ ತಮ್ಮವನೆನ್ನುತ್ತಾರೆ. ಆ ಜಗಳಕ್ಕೆ ನಾವು ಹೋಗುವುದು ಬೇಡ. ರಾಮಾಯಣದಲ್ಲಿ ಬರುವ ಈ ಮುನಿ ವಿಭಾಂಡಕನ ಮಗ. ಹೆತ್ತವಳು ಕಾಡಿನ ಹೆಣ್ಣುಜಿಂಕೆ ಎಂದು ಪುರಾಣ ಹೇಳುತ್ತದೆ. ಅದರ ಗುರುತಾಗಿ ಅವನ ನೆತ್ತಿಯ ಮೇಲೆ ಒಂದು ಕೋಡು. ಅಂಗದೇಶಕ್ಕೆ ಬರ ಬಂದಾಗ ರಾಜ ರೋಮಪಾದ ಅವನನ್ನು ಕರೆಸಿದ. ಕಾಡಿನಿಂದ ಬಂದ ಆ ಹುಡುಗ ಊರಿನಲ್ಲಿ ಹೆಜ್ಜೆಯಿಟ್ಟೊಡನೆ ಮಳೆ ಸುರಿಯಿತು.

ಸಿರಸಂಗಿಯಿಂದ ಬಹಳ ದೂರವೇನಲ್ಲದ ನವಿಲುತೀರ್ಥಕ್ಕೂ ಇಂಥದೇ ಒಂದು ಕಥೆ. ಮಲಪ್ರಭೆ ಗುಡ್ಡಕ್ಕೆ ಅಡ್ಡವಾಗಿ ನಿಂತಾಗ ನವಿಲೊಂದು ಕೂಗಿತು, ಆ ಕೂಗಿಗೆ ಓಗೊಟ್ಟು ನದಿ ಗುಡ್ಡ ಸೀಳಿಕೊಂಡು ಹರಿಯಿತು ಎನ್ನುತ್ತಾರೆ. ಇಂದು ಅದೇ ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ್ದೇವೆ. ಇವು ಕಥೆಗಳು, ಇತಿಹಾಸವಲ್ಲ. ಆದರೂ ಮಳೆಗಾಗಿ ಮುಗಿಲು ನೋಡುವ ಎರಿ ಭೂಮಿಯ ಜನ, ತಮಗೆ ಮಳೆ ತಂದುಕೊಟ್ಟದ್ದು ಜಿಂಕೆಯ ಮಗ, ಹೊಳೆ ತಂದುಕೊಟ್ಟದ್ದು ನವಿಲು ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರಲ್ಲ, ಅದು ಮಾತ್ರ ಇತಿಹಾಸವೇ. ಕಾಡು ನಮಗೆ ಮೊದಲು ಕೊಟ್ಟಿತು ಎಂಬುದು ಈ ನೆಲದ ನೆನಪು.

ಈ ನೆನಪನ್ನು ಇಟ್ಟುಕೊಂಡೇ ಈಗ ಬೆತ್ಲೆಹೇಮಿಗೆ ಹೋಗೋಣ.

ಸಂತ ಲೂಕರು ಯೇಸುಸ್ವಾಮಿಯ ಜನನವನ್ನು ಹೇಳುವಾಗ ಯಾವ ಪ್ರಾಣಿಯ ಹೆಸರನ್ನೂ ಎತ್ತುವುದಿಲ್ಲ. ಅವರು ಹೇಳುವುದು ಗೋದಲಿಯ ಮಾತು ಮಾತ್ರ. ನಮ್ಮ ಕಡೆ ಗ್ವಾದಲಿ ಎನ್ನುವುದು ಚರ್ಚಿನ ಮಾತಲ್ಲ, ಮನೆಯ ಮಾತು. ದನಕ್ಕೆ ಮೇವು ಹಾಕುವ ತೊಟ್ಟಿಯೇ ಗ್ವಾದಲಿ. ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ಎತ್ತು, ಎಮ್ಮೆ, ಹಸು. ಎರಡು ಮೆಟ್ಟಿಲು ಏರಿದರೆ ಮನೆಯವರು ಕೂಡುವ, ಮಲಗುವ ಕಟ್ಟೆ. ರಾತ್ರಿ ದನ ಮೆಲುಕು ಹಾಕುವ ಸದ್ದು ಕೇಳುತ್ತಲೇ ಮಕ್ಕಳು ನಿದ್ದೆ ಹೋಗುತ್ತಿದ್ದವು. ಬೈಬಲ್ ಪಂಡಿತರಲ್ಲಿ ಹಲವರು ಹೇಳುವಂತೆ ಆ ಕಾಲದ ಪಾಲೆಸ್ತೀನಿನ ಬಡವರ ಮನೆಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಲೂಕರು ಗ್ರೀಕಿನಲ್ಲಿ ಬರೆದ 'ಕತಾಲುಮ' ಎಂಬ ಪದಕ್ಕೆ ಛತ್ರ ಎಂಬ ಅರ್ಥವಷ್ಟೇ ಅಲ್ಲ, ಮನೆಗೆ ಬಂದ ನೆಂಟರಿಗೆ ಬಿಟ್ಟುಕೊಡುವ ಕೋಣೆ ಎಂಬ ಅರ್ಥವೂ ಇದೆ. ಕಡೆಯ ಭೋಜನದ ಕೋಣೆಗೂ ಅವರು ಅದೇ ಪದವನ್ನು ಬಳಸಿದ್ದಾರೆ (ಲೂಕ 22:11). ದಯಾಳು ಸಮಾರಿತನ ಸಾಮತಿಯಲ್ಲಿ ದುಡ್ಡು ಕೊಟ್ಟು ತಂಗುವ ಛತ್ರಕ್ಕೆ ಮಾತ್ರ ಬೇರೆ ಪದ (ಲೂಕ 10:34). ಹಾಗಿದ್ದರೆ ಮಾತೆ ಮರಿಯಮ್ಮನವರನ್ನೂ ಸಂತ ಜೋಸೆಫರನ್ನೂ ಊರವರೆಲ್ಲ ಬಾಗಿಲು ಹಾಕಿ ಓಡಿಸಿದರು ಎಂದು ನಾವು ನಾಟಕದಲ್ಲಿ ತೋರಿಸುವುದು ಪೂರ್ತಿ ನಿಜವಿರಲಾರದು. ನೆಂಟರ ಕೋಣೆ ತುಂಬಿತ್ತು, ಆದ್ದರಿಂದ ದನ ಕಟ್ಟುವ ಜಾಗದಲ್ಲಿ ಎಡೆಮಾಡಿಕೊಟ್ಟರು, ಮಗುವನ್ನು ಗ್ವಾದಲಿಯಲ್ಲಿ ಮಲಗಿಸಿದರು. ಸಿರಸಂಗಿ, ಮುನವಳ್ಳಿ, ರಾಮದುರ್ಗದ ಹಳ್ಳಿಯ ಯಾವ ಅಜ್ಜಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ವಾದಲಿ ಎಂದರೆ ದನದ ಊಟದ ತಟ್ಟೆ. ಆ ರಾತ್ರಿ ಅದನ್ನು ಬಿಟ್ಟುಕೊಟ್ಟವು ದನಗಳು. ಪೂರ್ವದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ಹೊತ್ತು ಬಂದದ್ದು ಆಮೇಲೆ. ಮೊದಲ ಕಾಣಿಕೆ ಬಾಯಿಲ್ಲದವರದ್ದು.

ಎತ್ತು, ಕತ್ತೆ ಗೋದಲಿಗೆ ಬಂದದ್ದು ಪ್ರವಾದಿ ಯೆಶಾಯನ ಗ್ರಂಥದಿಂದ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ತಿಳಿವಳಿಕೆಯಿಲ್ಲ ಎಂದು ದೇವರು ಕೊರಗುವ ಮಾತು ಅಲ್ಲಿ ಮೊದಲ ಅಧ್ಯಾಯದಲ್ಲೇ ಬರುತ್ತದೆ. ನಾಲ್ಕನೇ ಶತಮಾನದಲ್ಲಿ ಕ್ರೈಸ್ತರ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಕೆತ್ತಿದ ಜನನದ ಚಿತ್ರಗಳಲ್ಲಿ ಈ ಎರಡು ಪ್ರಾಣಿಗಳು ಆಗಲೇ ಇವೆ. ಕೆಲವದರಲ್ಲಿ ಮರಿಯಮ್ಮನವರೂ ಇಲ್ಲ, ಕೂಸು, ಎತ್ತು, ಕತ್ತೆ ಇಷ್ಟೇ. ಸುಮಾರು ಏಳನೇ ಶತಮಾನದಲ್ಲಿ ಮತ್ತಾಯರ ಹೆಸರಿನಲ್ಲಿ ಯಾರೋ ಬರೆದ, ಧರ್ಮಸಭೆ ಶುಭಸಂದೇಶವೆಂದು ಒಪ್ಪದ ಒಂದು ಪುಸ್ತಕ ಈ ಚಿತ್ರವನ್ನು ಕಥೆಯಾಗಿ ಹೇಳಿತು. ಅಲ್ಲಿಂದ ಅದು ಲೋಕವೆಲ್ಲ ಹರಡಿತು.

ಇನ್ನು ಕುರಿಗಾಹಿಗಳು. ಅವರು ರಾತ್ರಿಯೆಲ್ಲ ಎಚ್ಚರವಿದ್ದು ಹಿಂಡು ಕಾಯುತ್ತಿದ್ದರು ಎಂದು ಲೂಕರು ಬರೆಯುತ್ತಾರೆ. ಯಾತಕ್ಕೆ ಎಚ್ಚರ? ಕಳ್ಳರ ಭಯ, ಅದಕ್ಕಿಂತ ಹೆಚ್ಚು ತೋಳದ ಭಯ. ತೋಳ ಬಂದರೆ ಕೂಲಿಯಾಳು ಓಡಿಹೋಗುತ್ತಾನೆ ಎಂದು ಯೇಸುಸ್ವಾಮಿ ಮುಂದೆ ಹೇಳಿದ್ದು ಇದೇ ಜನರ ಬದುಕು ನೋಡಿ. ನಮ್ಮ ಬಯಲುಸೀಮೆಗೂ ತೋಳ ಹೊಸದಲ್ಲ. ಕರೀಕಂಬಳಿ ಹೊದ್ದ ಕುರುಬರು ಪೈರು ತೆಗೆದ ಹೊಲದಲ್ಲಿ ಕುರಿ ತರುಬಿ, ಸುತ್ತ ಬಲೆ ಕಟ್ಟಿ, ನಾಯಿಗಳ ಜೊತೆ ರಾತ್ರಿ ಕಳೆಯುತ್ತಾರೆ. ಹೊಲದವನಿಗೆ ಗೊಬ್ಬರ, ಕುರುಬನಿಗೆ ಜೋಳ. ಆ ಚಳಿಯಲ್ಲಿ ಅವರು ಕಿವಿಗೊಟ್ಟು ಕೇಳುವುದು ಅದೇ ತೋಳದ ಸುಳಿವನ್ನು. ದೇವದೂತರ ಗಾನ ಮೊದಲು ಕೇಳಿದ್ದು ಇಂಥವರ ಕಿವಿಗೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಆ ರಾತ್ರಿ ತೋಳವೂ ಅಲ್ಲೆಲ್ಲೋ ಕತ್ತಲಲ್ಲಿ ಹಸಿದು ಕೂತಿದ್ದೀತು. ಆಗಮನ ಕಾಲದಲ್ಲಿ ನಾವು ಓದುವ ಯೆಶಾಯನ ಹನ್ನೊಂದನೆಯ ಅಧ್ಯಾಯ ಅದನ್ನೂ ಹೊರಗಿಡುವುದಿಲ್ಲ, ಕುರಿಮರಿಯ ಪಕ್ಕದಲ್ಲೇ ಅದಕ್ಕೆ ಜಾಗ ಕೊಡುತ್ತದೆ.

ಪ್ರಾಣಿಗಳ ಈ ಋಣವನ್ನು ಕ್ರಿಸ್ತಜಯಂತಿಯ ದಿನವೇ ತೀರಿಸಬೇಕೆಂದು ಬಾಯಿಬಿಟ್ಟು ಹೇಳಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅವರು ಗೋದಲಿ ಮಾಡಿಸಿದ ಕಥೆ ನಮಗೆ ಗೊತ್ತು. ಹಬ್ಬಕ್ಕೆ ಹದಿನೈದು ದಿನ ಮುಂಚೆ ಜೊವಾನ್ನಿ ಎಂಬ ಊರ ಗೃಹಸ್ಥರನ್ನು ಕರೆದು ಹುಲ್ಲು, ಎತ್ತು, ಕತ್ತೆ ಸಿದ್ಧಮಾಡಲು ಹೇಳಿದರು. ಬೊಂಬೆಗಳಿರಲಿಲ್ಲ. ಗೋದಲಿಯ ಮೇಲೆ ಬಲಿಪೂಜೆ ನಡೆಯಿತು, ಉಪಯಾಜಕರಾಗಿದ್ದ ಫ್ರಾನ್ಸಿಸ್ ಶುಭಸಂದೇಶ ಹಾಡಿದರು. 2023ರಲ್ಲಿ ಇದರ ಎಂಟುನೂರನೆಯ ವರ್ಷವನ್ನು ಲೋಕವೆಲ್ಲ ಆಚರಿಸಿತು. ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚೊಗೇ ಹೋಗಿ ಗೋದಲಿಯ ಕುರಿತ ತಮ್ಮ ಪತ್ರಕ್ಕೆ ಸಹಿ ಹಾಕಿದ್ದರು.

ಇದಕ್ಕಿಂತ ಕಡಿಮೆ ಪರಿಚಯವಿರುವುದು ಅವರ ಇನ್ನೊಂದು ಆಸೆ. ಅವರ ಜೊತೆ ಬಾಳಿದ ಸಹೋದರರ ನೆನಪುಗಳಲ್ಲಿ ಅದು ಉಳಿದಿದೆ. ಚಕ್ರವರ್ತಿಯ ಮುಂದೆ ನಿಂತು ಮಾತಾಡುವ ಅವಕಾಶ ಸಿಕ್ಕರೆ ಒಂದೇ ಒಂದು ಕಾಯ್ದೆ ಕೇಳುತ್ತೇನೆ ಎನ್ನುತ್ತಿದ್ದರಂತೆ: ಕ್ರಿಸ್ತಜಯಂತಿಯಂದು ಉಳ್ಳವರೆಲ್ಲ ಊರ ಹೊರಗಿನ ದಾರಿಗಳಲ್ಲಿ ಗೋಧಿ, ಕಾಳು ಚೆಲ್ಲಬೇಕು, ಹಕ್ಕಿಗಳು, ಅದರಲ್ಲೂ ನೆಲಗುಬ್ಬಿಗಳು, ಅಂದು ಹೊಟ್ಟೆತುಂಬ ತಿನ್ನಬೇಕು. ಮನೆಯ ಎತ್ತು ಕತ್ತೆಗಳಿಗೆ ಅಂದು ಹುಲ್ಲು ಕಾಳು ಹೆಚ್ಚಿಗೆ ಹಾಕಬೇಕು. ಬಡವರನ್ನು ಉಳ್ಳವರು ಕರೆದು ಉಣಿಸಬೇಕು. ಆ ವರ್ಷ ಹಬ್ಬ ಶುಕ್ರವಾರ ಬಂದಿದೆ, ಮಾಂಸ ತಿನ್ನಬಹುದೋ ಎಂದು ಒಬ್ಬ ಸಹೋದರ ಕೇಳಿದಾಗ, ಇಂಥ ದಿನ ಗೋಡೆಗಳೂ ತಿನ್ನಬೇಕು, ಅವಕ್ಕೆ ಬಾಯಿಲ್ಲದಿದ್ದರೆ ಮೇಲಾದರೂ ಸವರಿ ಎಂದವರು ಅವರು. ನೆಲಗುಬ್ಬಿಯ ಮೇಲೇಕೆ ಅಷ್ಟು ಅಕ್ಕರೆ? ಅದರ ಮಣ್ಣುಬಣ್ಣದ ಗರಿ, ತಲೆಯ ಮೇಲಿನ ಜುಟ್ಟು ಅವರ ಸಹೋದರರ ಬಡ ಉಡುಪನ್ನೂ ಟೋಪಿಯನ್ನೂ ಹೋಲುತ್ತಿತ್ತು. ದಾರಿಯಲ್ಲಿ ಸಿಕ್ಕ ಕಾಳನ್ನೇ ಹೆಕ್ಕಿ ತಿಂದು, ಹಾಡುತ್ತ ಮೇಲಕ್ಕೆ ಹಾರುವ ಹಕ್ಕಿ ಅದು. ನಮ್ಮ ಎರಿ ಹೊಲಗಳಲ್ಲೂ ಹೆಂಟೆಯ ಸಂದಿನಲ್ಲಿ ಗೂಡು ಮಾಡುವ ಅದರ ಬಳಗವಿದೆ.

ಹಬ್ಬದಲ್ಲಿ ಕಾಳು ಚೆಲ್ಲುವುದು ನಮ್ಮ ಸೀಮೆಯ ರೈತರಿಗೆ ವಿಚಿತ್ರವಾಗಿ ಕೇಳಿಸುವುದಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಈ ಅಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುತ್ತದೆ, ಅಂದರೆ ನಮ್ಮ ಆಗಮನ ಕಾಲ ಮತ್ತು ಕ್ರಿಸ್ತಜಯಂತಿಯ ಆಸುಪಾಸಿನಲ್ಲೇ. 2019ರಲ್ಲಂತೂ ಕ್ರಿಸ್ಮಸ್ಸಿನ ಮರುದಿನವೇ ಆ ಅಮಾವಾಸ್ಯೆಯ ಕಂಕಣ ಸೂರ್ಯಗ್ರಹಣ ಆಯಿತು. ಹಿಂಗಾರಿ ಜೋಳ ಹೊಡೆಯಾಗುವ, ಕಡಲೆ ಕಾಯಿ ಕಟ್ಟುವ ಹೊತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಎಲ್ಲಕ್ಕೂ ಮೊದಲು ಹೊಲದ ಸುತ್ತ ಆ ಅಡುಗೆಯನ್ನು ಚೆಲ್ಲಿಕೊಂಡು ಬರುತ್ತಾರೆ. ಅದು ಭೂಮಿತಾಯಿಗೆ ಎನ್ನುತ್ತಾರೆ. ತಿನ್ನುವವು ಇರುವೆ, ಅಳಿಲು, ಕಾಗೆ, ಗುಬ್ಬಿ, ರಾತ್ರಿ ಬರುವ ನರಿ. ಆಮೇಲೆ ಬೇಲಿಯ ಆಚೆ ಈಚೆಯವರೆಲ್ಲ ಕೂತು ಊಟ. ಆ ದಿನ ಹೊಲದ ದಾರಿಯಲ್ಲಿ ಹೋಗುವವನನ್ನು ಯಾರೂ ಉಣಿಸದೆ ಕಳಿಸುವುದಿಲ್ಲ; ಜಾತಿ ಮತ ಕೇಳುವುದಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಆ ಬುತ್ತಿ ಉಂಡವರೇ.

ಅಲ್ಲಿ ನಡೆಯುವ ಪೂಜೆ ನಮ್ಮದಲ್ಲ ಎಂಬುದು ಸರಿ. ಆದರೆ ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ನಮ್ಮ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಸ್ಥಾಪನೆಯಾದ ಮೇಲೆ ಈ ಹಳ್ಳಿಗಳಲ್ಲಿ ಸೇವೆಗೈದ ಗುರುಗಳು ಈ ಮಾತನ್ನು ಬದುಕಿ ತೋರಿಸಿದ್ದಾರೆ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ವಿರಕ್ತ ಮಠವೆಂಬ ಹೆಸರಿನಲ್ಲೇ ಬಾಳಿದ್ದನ್ನು ಸುತ್ತಲಿನ ಜನ ಬಲ್ಲರು. ಚರಗವನ್ನು ನೋಡಿದ ಕ್ರೈಸ್ತನಿಗೆ ವಿಮೋಚನಾಕಾಂಡದ 23ನೆಯ ಅಧ್ಯಾಯ ನೆನಪಾಗಬೇಕು. ಏಳನೆಯ ವರ್ಷ ಹೊಲವನ್ನು ಬೀಳುಬಿಡು, ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಲಿ ಎಂಬ ಕಟ್ಟಳೆ ಅಲ್ಲಿದೆ. ಕಾಡುಮೃಗದ ಪಾಲನ್ನು ದೇವರೇ ಧರ್ಮಶಾಸ್ತ್ರದಲ್ಲಿ ಬರೆಸಿಟ್ಟಿದ್ದಾರೆ, ಅದೂ ಬಡವರ ಪಾಲಿನ ಬೆನ್ನಿಗೇ.

ಇಷ್ಟರವರೆಗೆ ಎಲ್ಲ ಸಲೀಸು. ಮುಂದಿನ ಮಾತು ಕಷ್ಟದ್ದು.

ಅಳಿಲಿಗೆ, ಗುಬ್ಬಿಗೆ ಕಾಳು ಚೆಲ್ಲುವುದು ಯಾರಿಗೂ ಭಾರವಲ್ಲ. ಹಂದಿ ಹಿಂಡು ಬಂದು ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಗೋವಿನಜೋಳ ಉರುಳಿಸಿದರೆ? ಚಿಗರಿಗಳು ಕಡಲೆಯ ಕುಡಿಯನ್ನೆಲ್ಲ ಮೇದರೆ? ಬಿತ್ತಿದ ಶೇಂಗಾ ಬೀಜವನ್ನು ನವಿಲು ಕೆದರಿ ತಿಂದರೆ? ಅದೇ ನವಿಲು, ನಮ್ಮ ಕಥೆಯಲ್ಲಿ ಹೊಳೆ ತಂದುಕೊಟ್ಟದ್ದು. ವಿಷ ಬೆರೆಸಿದ ಕಾಳು ತಿಂದು ನವಿಲುಗಳು ಸತ್ತ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಂದಿಗೆಂದು ಬೇಲಿಗೆ ಕರೆಂಟು ಬಿಟ್ಟು, ಅದಕ್ಕೆ ಮನುಷ್ಯರೇ ಬಲಿಯಾದ ಸುದ್ದಿಯೂ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ, ಚಿಗರಿ, ನವಿಲು ಮೂರಕ್ಕೂ ರಕ್ಷಣೆಯಿದೆ, ಕೊಂದರೆ ಜೈಲು. ಆದರೆ ಎರಡೆಕರೆಯ ರೈತನ ಮುಂದೆ ಹೋಗಿ ಕಾಯ್ದೆ ಓದಿದರೆ ಅವನ ಸಾಲ ತೀರುವುದಿಲ್ಲ.

ಈ ಪ್ರಾಣಿಗಳು ಹೊಲಕ್ಕೆ ಬರುವುದಕ್ಕೂ ಇತಿಹಾಸವಿದೆ. ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1879ರ ಭೂಕಂದಾಯ ಕಾಯ್ದೆಯ ಪ್ರಕಾರ ಊರ ದನ ಪುಕ್ಕಟೆ ಮೇಯಲೆಂದು ಜಮೀನು ಬೇರೆ ತೆಗೆದಿಡುತ್ತಿದ್ದರು. ಗಾಯರಾಣ ಎಂದು ನಾವು ಕರೆಯುವುದು ಅದನ್ನೇ. ಹಗಲು ಅಲ್ಲಿ ಊರ ದನ ಮೇಯುತ್ತಿದ್ದವು, ರಾತ್ರಿ ಮೊಲ, ನರಿ, ಚಿಗರಿ. ಯಾರ ಹೆಸರಿನಲ್ಲೂ ಇಲ್ಲದ ಆ ಹುಲ್ಲುಗಾವಲು ಬಾಯಿಲ್ಲದವರಿಗೆ ಊರು ಬಿಟ್ಟುಕೊಟ್ಟ ಗ್ವಾದಲಿ ಇದ್ದ ಹಾಗೆ. ವರ್ಷ ವರ್ಷ ಅದು ಒತ್ತುವರಿಯಾಗಿ, ಮಂಜೂರಾಗಿ, ಕಟ್ಟಡವಾಗಿ ಕರಗಿತು. ಮನೆಯೊಳಗಿನ ಗ್ವಾದಲಿಯೂ ಅದೇ ದಾರಿ ಹಿಡಿಯಿತು. ಟ್ರಾಕ್ಟರ್ ಬಂದ ಮೇಲೆ ಎತ್ತು ಕಟ್ಟುವವರು ಕಡಿಮೆಯಾದರು, ಆ ತಗ್ಗು ಜಾಗಕ್ಕೆ ಫರಸಿ ಹಾಕಿಸಿ ಮೋಟರ್‌ಸೈಕಲ್ ನಿಲ್ಲಿಸುತ್ತೇವೆ. ಹೀಗೆ ತಟ್ಟೆ ಕಸಿದುಕೊಂಡ ಮೇಲೆ ಹಸಿದದ್ದು ನಮ್ಮ ತಟ್ಟೆಗೆ ಬಾಯಿ ಹಾಕಿದರೆ ಅದನ್ನು ಕಳ್ಳ ಎನ್ನುತ್ತೇವೆ.

ಹಾಗಾದರೆ ಕೊಡುವವರು ಯಾರು, ಯಾರದನ್ನು ಕೊಡುತ್ತಿದ್ದಾರೆ? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ನಮಗೆ ಗೊತ್ತಿರುವ ಎರಡು ಕಥೆಗಳನ್ನು ಜೋಡಿಸಿ ನೋಡಬೇಕೆನಿಸುತ್ತದೆ.

ಒಂದು, ಕನ್ನಡ ಶಾಲೆಯಲ್ಲಿ ಕಲಿತವರೆಲ್ಲ ಕಣ್ಣೀರಿಟ್ಟ ಗೋವಿನ ಹಾಡು. ಪುಣ್ಯಕೋಟಿ ಕರುವಿಗೆ ಹಾಲೂಡಿಸಿ, ಕೊಟ್ಟ ಮಾತು ತಪ್ಪದೆ ಹುಲಿಯ ಗವಿಗೆ ಮರಳುತ್ತಾಳೆ. ಹುಲಿ ಅವಳ ಸತ್ಯಕ್ಕೆ ಸೋತು, ಅವಳನ್ನು ತಿನ್ನಲಾರದೆ ಪ್ರಾಣ ಬಿಡುತ್ತದೆ. ಹಾಡು ಎಷ್ಟು ದೊಡ್ಡದೆಂದರೆ ಹಸುವಿನ ತ್ಯಾಗದ ಜೊತೆಗೆ ಕಾಡಿನ ಹುಲಿಗೂ ತ್ಯಾಗದ ಪಾಲು ಕೊಟ್ಟಿದೆ. ಆದರೂ ಮನಸ್ಸಿನಲ್ಲಿ ಒಂದು ಉಳಿಯುತ್ತದೆ: ಹಸಿದ ಹುಲಿ ಒಳ್ಳೆಯದಾದ ಮೇಲೆ ಬದುಕುವ ದಾರಿ ಆ ಕಥೆಯಲ್ಲಿಲ್ಲ.

ಇನ್ನೊಂದು, ಸಂತ ಫ್ರಾನ್ಸಿಸರ ಬಗ್ಗೆ ಹದಿನಾಲ್ಕನೇ ಶತಮಾನದ ಪುಸ್ತಕವೊಂದು ಹೇಳುವ ಗುಬ್ಬಿಯೋ ಪಟ್ಟಣದ ತೋಳದ ಕಥೆ. ದನ, ಕುರಿ, ಮನುಷ್ಯರನ್ನೂ ತಿಂದು ಊರಿಗೆ ಊರನ್ನೇ ನಡುಗಿಸಿದ ತೋಳದ ಬಳಿಗೆ ಫ್ರಾನ್ಸಿಸ್ ಬರಿಗೈಯಲ್ಲಿ ಹೋದರು. ನೀನು ಮಾಡಿದ್ದು ತಪ್ಪು, ಆದರೆ ಹಸಿವಿನಿಂದ ಮಾಡಿದೆ ಎಂದು ನನಗೆ ಗೊತ್ತು ಎಂಬ ಅರ್ಥದಲ್ಲಿ ಅದರೊಡನೆ ಮಾತಾಡಿದರು. ಆಮೇಲೆ ಅದನ್ನು ಪೇಟೆಯ ನಡುವಿಗೆ ಕರೆತಂದು ಜನರೆದುರು ಒಪ್ಪಂದ ಮಾಡಿಸಿದರು: ತೋಳ ಯಾರನ್ನೂ ಮುಟ್ಟಬಾರದು, ಊರವರು ದಿನವೂ ಅದಕ್ಕೆ ಅನ್ನವಿಡಬೇಕು. ತೋಳ ಮುಂಗಾಲೆತ್ತಿ ಅವರ ಕೈಮೇಲಿಟ್ಟು ಒಪ್ಪಿಕೊಂಡಿತು. ಎರಡು ವರ್ಷ ಅದು ಮನೆಮನೆಗೆ ಹೋಗಿ ತಿಂದು, ಒಂದು ನಾಯಿಯೂ ಬೊಗಳದಂತೆ ಬಾಳಿ, ಮುಪ್ಪಿನಿಂದ ಸತ್ತಾಗ ಊರು ಅತ್ತಿತಂತೆ.

ಈ ಕಥೆಯಲ್ಲಿ ತೋಳ ಪಳಗಿದ್ದನ್ನೇ ಪ್ರಬೋಧನೆಗಳಲ್ಲಿ ಹೇಳುತ್ತೇವೆ. ನನಗೆ ಮುಖ್ಯವೆನಿಸುವುದು ಒಪ್ಪಂದದ ಇನ್ನೊಂದು ಪಕ್ಕ. ಅನ್ನವಿಡುವ ಭಾರ ಬಿದ್ದದ್ದು ಇಡೀ ಊರಿನ ಮೇಲೆ, ಕುರಿ ಕಳೆದುಕೊಂಡ ಒಬ್ಬನ ಮೇಲಲ್ಲ. ಪೇಟೆಯಲ್ಲಿ ಭದ್ರವಾಗಿ ಮಲಗುತ್ತಿದ್ದ ವ್ಯಾಪಾರಿಯೂ ಪಾಲು ಕೊಟ್ಟ. ನಮ್ಮಲ್ಲಿ ನಡೆಯುತ್ತಿರುವುದು ತಿರುಗಾಮುರುಗ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿದೆ. ರಾಮದುರ್ಗದ ಆಚೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ 2016ರಲ್ಲಿ ಚಿಂಕಾರಗಳ ಧಾಮವಾಯಿತು. ಇದೆಲ್ಲ ಸಂತೋಷದ ವಿಷಯ. ಪೇಟೆಯಲ್ಲಿರುವ ನಾವು ಫೋಟೋ ನೋಡಿ ಖುಷಿಪಡುತ್ತೇವೆ. ಬೆಲೆ ತೆರುವವನು ಕಂಬಳಿ ಹೊದ್ದು ರಾತ್ರಿ ಎಚ್ಚರವಿರುವ ಕುರುಬ, ಇಲ್ಲವೇ ಗುಡ್ಡದ ಅಂಚಿನಲ್ಲಿ ಎರಡೆಕರೆ ಮಾಡುವ ರೈತ. ಸರಕಾರದಿಂದ ಪರಿಹಾರ ಇದೆ, ನಿಜ. ಅರ್ಜಿ, ಫೋಟೋ, ಪಂಚನಾಮೆ, ದಾಖಲೆ ಎಂದು ಅಲೆಯುವ ಹೊತ್ತಿಗೆ ಕುರುಬನ ಹಿಂಡು ಇನ್ನೊಂದು ತಾಲ್ಲೂಕು ಮುಟ್ಟಿರುತ್ತದೆ. ಲಿಂಗರಾಜ ದೇಸಾಯರು ಕೊಟ್ಟದ್ದು ತಮ್ಮದನ್ನು. ಕುರುಬನ ಕುರಿಯನ್ನು ತೋಳಕ್ಕೆ ಬಿಟ್ಟು ನಾವು ದಾನಿಗಳೆನಿಸಿಕೊಂಡರೆ ಅದಕ್ಕೆ ತ್ಯಾಗ ಎನ್ನಲಾಗದು.

ಬಡವರೇ ಹಸಿದಿರುವಾಗ ಮೃಗಗಳಿಗೆ ಯಾಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು ತೂಗಿ ಹೇಳಿದೆ. ಪ್ರಾಣಿಗಳು ದೇವರ ಸೃಷ್ಟಿ, ಮನುಷ್ಯರು ಅವಕ್ಕೆ ದಯೆ ತೋರುವ ಋಣ ಹೊತ್ತಿದ್ದಾರೆ, ಅವನ್ನು ಸುಮ್ಮಸುಮ್ಮನೆ ನರಳಿಸಿ ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಹಾಗೆಯೇ ಮನುಷ್ಯರ ಸಂಕಟ ನೀಗಲು ಮೊದಲು ಖರ್ಚಾಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ಈ ಎರಡು ಮಾತುಗಳು ಒಂದಕ್ಕೊಂದು ಎದುರೆಂದು ಕಾಣುವುದು ಪೇಟೆಯಲ್ಲಿ ಕೂತು ಓದಿದಾಗ. ಹಳ್ಳಿಯಲ್ಲಿ ತೋಳದ ಹಸಿವು, ಕುರುಬನ ಹಸಿವು ಎರಡೂ ಒಂದೇ ಗಾಯರಾಣದಲ್ಲಿ ಹುಟ್ಟುತ್ತವೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದದ್ದು ಇದನ್ನೇ. ಕುರಿ ಕಳೆದುಕೊಂಡವನಿಗೆ ಒಂದು ಧರ್ಮಕೇಂದ್ರ ಹಬ್ಬದ ಕಾಣಿಕೆಯಿಂದ ಒಂದು ಮರಿ ಕೊಡಿಸಿದರೆ, ಬಡವನಿಗೆ ಕೊಟ್ಟಂತೆಯೋ ತೋಳಕ್ಕೆ ಕೊಟ್ಟಂತೆಯೋ? ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿಗೆ ಬೇಕಾದರೂ ಬರೆದುಕೊಳ್ಳಲಿ.

ಗೋದಲಿಯ ಬಗ್ಗೆಯೇ ಒಂದು ಮಾತು. 386ರಿಂದ ಸಾಯುವ ತನಕ ಬೆತ್ಲೆಹೇಮಿನಲ್ಲೇ ಇದ್ದ ಸಂತ ಜೆರೋಮರು ಒಂದು ಪ್ರಬೋಧನೆಯಲ್ಲಿ ಬೇಸರಪಟ್ಟಿದ್ದಾರೆ. ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇಟ್ಟಿದ್ದಾರೆ, ನನಗೆ ತೆಗೆದುಹಾಕಿದ್ದೇ ಹೆಚ್ಚು ಎಂಬುದು ಅವರ ಅಳಲು. ನಮ್ಮ ಚರ್ಚುಗಳಲ್ಲಿ ಬೆಳ್ಳಿಯ ತೊಂದರೆಯಿಲ್ಲ, ಪ್ಲಾಸ್ಟಿಕ್ಕಿನದು ಇದೆ. ಬಣ್ಣದ ಪ್ಲಾಸ್ಟಿಕ್ ಹುಲ್ಲು, ಪ್ಲಾಸ್ಟಿಕ್ ಜಿಂಕೆ, ನಮ್ಮ ನೆಲ ಕಾಣದ ಹಿಮಸಾರಂಗ. ಮಕ್ಕಳಿಗೆ ಅವು ಇಷ್ಟ, ಇರಲಿ ಬಿಡಿ. ಆದರೆ ಗುಡ್ಡದ ಆಚೆ ಚಿಗರಿ ಇರುವ ನಾಡಿನಲ್ಲಿ ಮಗು ಗೋದಲಿಯಲ್ಲಿ ಚಿಗರಿಯನ್ನೂ ಕಾಣಬಾರದೇ? ಜೋಳದ ಕಣಿಕೆ, ಶೇಂಗಾ ಹೊಟ್ಟು, ಭತ್ತದ ಹುಲ್ಲು ನಮ್ಮಲ್ಲಿ ಸಿಗದ ವಸ್ತುಗಳಲ್ಲ. ಹಬ್ಬ ಮುಗಿದು ಗೋದಲಿ ಬಿಚ್ಚುವ ದಿನ ಪ್ಲಾಸ್ಟಿಕ್ ಡಬ್ಬಿ ಸೇರುತ್ತದೆ, ಹುಲ್ಲಾದರೆ ಯಾರದೋ ಎತ್ತಿನ ಮುಂದೆ ಹೋಗುತ್ತದೆ.

ಗ್ರೆಚ್ಚೊದಲ್ಲೂ ಹಾಗೆಯೇ ಆಯಿತೆಂದು ಸಂತ ಫ್ರಾನ್ಸಿಸರ ಮೊದಲ ಚರಿತ್ರೆ ಬರೆದ ಚೆಲಾನೊದ ಥಾಮಸ್ ಹೇಳುತ್ತಾರೆ. ಆ ರಾತ್ರಿ ಗೋದಲಿಯಲ್ಲಿ ಹಾಸಿದ್ದ ಹುಲ್ಲನ್ನು ಜನ ಎಸೆಯಲಿಲ್ಲ, ಎತ್ತಿಟ್ಟರು. ಸುತ್ತಲ ಊರುಗಳಲ್ಲಿ ರೋಗ ಬಿದ್ದ ದನಗಳಿಗೆ ಅದನ್ನು ತಿನ್ನಿಸಿದರು, ಅವು ಚೇತರಿಸಿಕೊಂಡವು. ಹೆರಿಗೆಯ ನೋವಿನಲ್ಲಿದ್ದ ಹೆಂಗಸರ ಮೇಲೂ ಅದರ ಒಂದೊಂದು ಎಳೆ ಇಟ್ಟರು. ಮುಂದೆ ಆ ಗ್ವಾದಲಿ ಇದ್ದ ಜಾಗದಲ್ಲೇ ಬಲಿಪೀಠ ಕಟ್ಟಿದರು. ದನಗಳು ಹುಲ್ಲು ತಿಂದ ತಾವಿನಲ್ಲಿ ಜನ ಪರಮಪ್ರಸಾದ ಸ್ವೀಕರಿಸತೊಡಗಿದರು.